ಮನೆಯ ಹಳೆಯ ಮುತ್ತಿನ ಸರವನ್ನು ಗಂಟು ಹಾಕಿ ಪೋಣಿಸುವುದು ಹೇಗೆ?

ಅಜ್ಜಿಯಿಂದ ಬಂದ ಮುತ್ತಿನ ಸರದ ದಾರ ಸಡಿಲವಾದಾಗ ಅನೇಕರು ಮಣಿಗಳನ್ನೆಲ್ಲ ಗಂಟಿಲ್ಲದೆ ಒಂದೇ ದಾರಕ್ಕೆ ಏರಿಸಿಬಿಡುತ್ತಾರೆ. ಅಂಥ ಸರ ಮದುವೆಮನೆಯಲ್ಲಿ ಹರಿದರೆ ಮುತ್ತುಗಳೆಲ್ಲ ಕಾಲಡಿ ಚೆಲ್ಲುತ್ತವೆ. ಪ್ರತಿ ಮುತ್ತಿನ ನಡುವೆ ಗಂಟಿದ್ದರೆ ಉದುರುವುದು ಹೆಚ್ಚೆಂದರೆ ಒಂದೆರಡು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 2.5ರಿಂದ 4.5ರಷ್ಟೇ ಗಡಸುತನವಿರುವ ಈ ಮೃದು ಮಣಿಗಳು ಒಂದಕ್ಕೊಂದು ಉಜ್ಜಿ ಸವೆಯುವುದೂ ತಪ್ಪುತ್ತದೆ.

ಮೊದಲು ಸರದ ಫೋಟೊ ತೆಗೆದು, ಹಳೆಯ ದಾರವನ್ನು ಕತ್ತರಿಸಿ, ಮುತ್ತುಗಳನ್ನು ಅದೇ ಕ್ರಮದಲ್ಲಿ ಟವೆಲಿನ ಮಡಿಕೆಯಲ್ಲಿ ಸಾಲಾಗಿ ಇಡಿ. ಹಳದಿ ತಿರುಗಿದ ಮುತ್ತನ್ನು ತೆಗೆದು ಹೊಸದನ್ನು ಸೇರಿಸಲೇಬೇಡಿ. ಆ ಬಣ್ಣ ಬಂದದ್ದು ಅದನ್ನು ವರ್ಷಗಟ್ಟಲೆ ಧರಿಸಿದವರ ಕೊರಳಿನಲ್ಲಿ.

ದಾರ ರೇಷ್ಮೆಯದೇ ಆಗಿರಲಿ. ಮೀನು ಹಿಡಿಯುವ ನೈಲಾನ್ ಎಳೆ ಗಟ್ಟಿ ಎಂದು ಅಂಗಡಿಯವರು ಹೇಳಿದರೂ ಕೊಳ್ಳಬೇಡಿ. ಅದರಲ್ಲಿ ಗಂಟು ನಿಲ್ಲುವುದಿಲ್ಲ, ಸರವೂ ಕೊರಳಿಗೆ ಒಗ್ಗದೆ ಸೆಟೆದು ನಿಲ್ಲುತ್ತದೆ. ಸರದ ಐದು ಪಟ್ಟು ಉದ್ದದ ದಾರವನ್ನು ಎರಡೆಳೆ ಮಾಡಿ, ಮಡಿಕೆಯನ್ನು ಕೊಂಡಿಯ ಬಳೆಯಲ್ಲಿ ತೂರಿಸಿ, ತುದಿಗಳನ್ನು ಆ ಮಡಿಕೆಯೊಳಗಿಂದ ಎಳೆದು ಬಿಗಿಸಿ, ಎರಡನ್ನೂ ತೆಳು ಸೂಜಿಗೆ ಪೋಣಿಸಿ.

ಹೆಚ್ಚಿನವರು ಎಡವುವುದು ಗಂಟಿನಲ್ಲಿ. ಒಂದು ಮುತ್ತನ್ನು ಏರಿಸಿ, ದಾರವನ್ನು ಬೆರಳಿಗೆ ಸುತ್ತಿ, ಸೂಜಿಯಿರುವ ತುದಿಯನ್ನು ಆ ಸುತ್ತಿನೊಳಗಿಂದ ತಂದು ಸಡಿಲವಾದ ಒಂದು ಕುಣಿಕೆ ಮಾಡಿ. ಅದನ್ನು ಬಿಗಿಸುವ ಮೊದಲು ಇನ್ನೊಂದು ದಪ್ಪ ಸೂಜಿಯನ್ನು ಕುಣಿಕೆಯೊಳಗೆ ಇಟ್ಟು, ಆ ಸೂಜಿಯಿಂದಲೇ ಗಂಟನ್ನು ಮುತ್ತಿನ ಬಾಯಿಯವರೆಗೆ ಜಾರಿಸಿಕೊಂಡು ಹೋಗಿ. ಸೂಜಿ ಮುತ್ತಿಗೆ ತಾಗಿ ನಿಂತ ಮೇಲೆ ದಾರವನ್ನು ಎಳೆಯುತ್ತ ಸೂಜಿಯನ್ನು ಮೆಲ್ಲನೆ ಹೊರತೆಗೆಯಿರಿ, ಕೂಡಲೇ ಎರಡೆಳೆಗಳನ್ನು ಬಿಡಿಸಿ ಹಿಡಿದು ಎಡಕ್ಕೊಂದು ಬಲಕ್ಕೊಂದು ಎಳೆಯಿರಿ. ಉಳಿದಿದ್ದ ಕೂದಲೆಳೆಯಷ್ಟು ಸಂದೂ ಆಗ ಮುಚ್ಚಿಹೋಗುತ್ತದೆ. ಗಂಟು ತೂತಿನೊಳಗೆ ಇಳಿದರೆ ದಾರ ತೆಳುವಾಯಿತೆಂದೇ ಅರ್ಥ, ಅಲ್ಲಿಗೇ ನಿಲ್ಲಿಸಿ ಸ್ವಲ್ಪ ದಪ್ಪನೆಯದನ್ನು ತನ್ನಿ. ಅವಸರದಲ್ಲಿ ಬಿಗಿದ ಗಂಟನ್ನು ಸೂಜಿಯಿಂದ ಕೆದಕಿ ಬಿಚ್ಚಿದರೆ ರೇಷ್ಮೆ ಸಿಬಿರೆದ್ದು ಅಲ್ಲೇ ಹರಿಯುತ್ತದೆ.

ಕೊನೆಯ ಮೂರು ಮುತ್ತುಗಳನ್ನು ಗಂಟಿಲ್ಲದೆ ಏರಿಸಿ, ದಾರವನ್ನು ಕೊಂಡಿಯ ಇನ್ನೊಂದು ಬಳೆಯಿಂದ ಹಿಂದಕ್ಕೆ ತಂದು, ಪ್ರತಿ ಮುತ್ತು ದಾಟಿದ ಮೇಲೂ ಮೂಲ ದಾರಕ್ಕೆ ಗಂಟು ಹಾಕುತ್ತ ಬಂದು ತುದಿಯನ್ನು ಕತ್ತರಿಸಿ.

ಮುತ್ತನ್ನು ನಿಂಬೆರಸ, ಹುಣಸೆಹಣ್ಣುಗಳಿಂದ ತೊಳೆಯುವುದು ತಪ್ಪು; ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹುಳಿ ತಾಗಿದಲ್ಲಿ ಹೊಳಪು ಅಳಿಯುತ್ತದೆ. ಧರಿಸಿ ಬಂದ ಮೇಲೆ ಹತ್ತಿಬಟ್ಟೆಯಿಂದ ಬೆವರು ಒರೆಸಿ, ಸರವನ್ನು ಮೊಳೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿ ಮಲಗಿಸಿಡಿ. ತೂಗಿದರೆ ಮುತ್ತಿನ ಭಾರಕ್ಕೆ ರೇಷ್ಮೆ ಹಿಗ್ಗಿ, ಬಿಗಿಯಾಗಿ ಹಾಕಿದ ಗಂಟುಗಳ ನಡುವೆ ಮತ್ತೆ ದಾರ ಕಾಣತೊಡಗುತ್ತದೆ.