ನಗರದಡಿ ಮೆಟ್ರೋ ಸುರಂಗ ಕೊರೆಯುವ ಕ್ರಮ

ಲಂಡನ್ನಿನ ಥೇಮ್ಸ್ ನದಿಯಡಿ ಸುರಂಗ ತೋಡಲು 1825ರಲ್ಲಿ ಕೆಲಸ ಆರಂಭಿಸಿದ ಎಂಜಿನಿಯರ್ ಮಾರ್ಕ್ ಬ್ರುನೆಲ್, ಕಬ್ಬಿಣದ ಚೌಕಟ್ಟೊಂದರಲ್ಲಿ ಸಾಲಾಗಿ ಹಲಗೆಗಳನ್ನು ಜೋಡಿಸಿ ಮುಂದಿನ ಮಣ್ಣಿಗೆ ಒತ್ತುಕೊಟ್ಟಿದ್ದರು. ಕಾರ್ಮಿಕರು ಒಂದು ಹಲಗೆಯನ್ನು ಮಾತ್ರ ತೆಗೆದು, ಅದರ ಹಿಂದಿನ ಮಣ್ಣನ್ನು ಕೆಲವೇ ಅಂಗುಲ ಕೆತ್ತಿ, ಹಲಗೆಯನ್ನು ಮತ್ತೆ ಒತ್ತಿ ನಿಲ್ಲಿಸಿದ ನಂತರವೇ ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಇಂದಿನ ಸುರಂಗ ಕೊರೆಯುವ ಯಂತ್ರವೂ ಪಾಲಿಸಬೇಕಾದ ನಿಯಮ ಅದೇ: ತೆಗೆದ ಮಣ್ಣಿನ ಜಾಗಕ್ಕೆ ಕೂಡಲೇ ಆಧಾರ ಸಿಗಬೇಕು.

ಮೊದಲು ಮಾರ್ಗದುದ್ದಕ್ಕೂ ನೆಲ ಕೊರೆದು ಮಣ್ಣು ಮತ್ತು ಬಂಡೆಯ ಮಾದರಿಗಳನ್ನು ಪರೀಕ್ಷಿಸಿ, ಅಂತರ್ಜಲದ ಏರಿಳಿತವನ್ನು ದಾಖಲಿಸಿ, ಹಳೆಯ ಬಾವಿಗಳನ್ನೂ ಕಟ್ಟಡಗಳ ಅಡಿಪಾಯದ ಆಳವನ್ನೂ ಗುರುತಿಸಿಕೊಳ್ಳಬೇಕು. ಜೇಡಿಯಂಥ ಸಣ್ಣ ಕಣದ ಮಣ್ಣಿಗೆ, ಅಗೆದ ಮಣ್ಣಿನಿಂದಲೇ ಮುಂಭಾಗವನ್ನು ಒತ್ತಿಹಿಡಿಯುವ ಯಂತ್ರ ಒಗ್ಗುತ್ತದೆ. ನೀರು ತುಂಬಿದ ಮರಳು ಮತ್ತು ಜಲ್ಲಿಗೆ, ಬೆಂಟೊನೈಟ್ ಎಂಬ ಜೇಡಿಯನ್ನು ನೀರಿನಲ್ಲಿ ಕಲಸಿದ ದ್ರಾವಣದ ಒತ್ತಡ ಬಳಸುವ ಸ್ಲರಿ ಯಂತ್ರ ಲೇಸು. ಕೆಳಗೆ ಬಂಡೆ, ಮೇಲೆ ಸಡಿಲ ಮಣ್ಣು ಇರುವ ಕಡೆ ಅತ್ಯಂತ ಎಚ್ಚರ ಬೇಕು, ಏಕೆಂದರೆ ಬಂಡೆಯನ್ನು ನಿಧಾನವಾಗಿ ಕೊರೆಯುತ್ತಿರುವಷ್ಟು ಹೊತ್ತೂ ಮೇಲಿನ ಮಣ್ಣು ಒಳಗೆ ಸುರಿಯಲು ಹವಣಿಸುತ್ತಿರುತ್ತದೆ.

ಹೀಗೆ ಹೆಚ್ಚಿನ ಮಣ್ಣು ಒಳಬರುತ್ತಿದೆಯೇ ಎಂದು ಕಂಡುಹಿಡಿಯಲು ತೂಕವೇ ನಂಬಿಕಸ್ತ ಸಾಧನ. ಕೊರೆಯುವ ವ್ಯಾಸ 6.6 ಮೀಟರ್, ಸುರಂಗದ ಗೋಡೆಯಾಗುವ ಒಂದು ಕಾಂಕ್ರೀಟ್ ಬಳೆಯ, ಅಂದರೆ ರಿಂಗಿನ, ಅಗಲ 1.5 ಮೀಟರ್ ಇದ್ದರೆ, ಪ್ರತಿ ರಿಂಗಿಗೆ ನೆಲದಿಂದ ಹೊರಬರಬೇಕಾದದ್ದು ಸುಮಾರು 51 ಘನ ಮೀಟರ್. ಅಗೆದ ಮಣ್ಣು ಉಬ್ಬುವುದರಿಂದ ಗಾತ್ರವನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ. ಮಣ್ಣನ್ನು ಹೊರಸಾಗಿಸುವ ಬೆಲ್ಟಿನ ತಕ್ಕಡಿಯ ಲೆಕ್ಕವನ್ನೂ ಪ್ರತಿ ರಿಂಗಿಗೆ ತಾಳೆ ನೋಡಬೇಕು. ತೂಕ ನಿರೀಕ್ಷೆ ಮೀರಿ ಹೆಚ್ಚುತ್ತಿದ್ದರೆ, ಮೇಲೆಲ್ಲೋ ಪೊಳ್ಳು ಮೂಡುತ್ತಿದೆಯೆಂದೇ ಭಾವಿಸಿ ಮುಂಭಾಗದ ಒತ್ತಡವನ್ನು ಪರಿಶೀಲಿಸಬೇಕು. ಆ ದಿನದ ಗುರಿ ತಪ್ಪಿದರೂ ಚಿಂತೆಯಿಲ್ಲ.

ಯಂತ್ರದ ಬಾಲದೊಳಗೆ ಸೆಗ್ಮೆಂಟ್ ಎಂಬ ಬಾಗಿದ ಕಾಂಕ್ರೀಟ್ ತುಂಡುಗಳನ್ನು ಬೋಲ್ಟ್ ಹಾಕಿ ರಿಂಗ್ ಕಟ್ಟಲಾಗುತ್ತದೆ. ಸೇರುವ ಅಂಚುಗಳ ರಬ್ಬರ್ ಗ್ಯಾಸ್ಕೆಟ್ ಮೇಲೆ ಮಣ್ಣಿನ ಒಂದು ಹೆಂಟೆ ಉಳಿದರೂ ಅಲ್ಲಿಂದ ನೀರು ಜಿನುಗೀತು. ಆದ್ದರಿಂದ ಅವನ್ನು ಒರೆಸಿಯೇ ಕೂರಿಸಬೇಕು. ರಿಂಗಿನ ಹೊರವ್ಯಾಸ 6.35 ಮೀಟರ್ ಆದರೆ ಸುತ್ತಲೂ 125 ಮಿಲಿಮೀಟರ್ ಸಂದು ಉಳಿಯುತ್ತದೆ. ಪ್ರತಿ ರಿಂಗಿಗೆ ಸುಮಾರು 3.8 ಘನ ಮೀಟರ್ ಆಗುವ ಈ ಜಾಗವನ್ನು, ಯಂತ್ರ ಮುಂದೆ ಸಾಗುತ್ತಿರುವಾಗಲೇ ಗ್ರೌಟ್ ಎಂಬ ತೆಳು ಗಾರೆ ತುಂಬಿ ಮುಚ್ಚಬೇಕು. ತಡವಾದರೆ ಮೇಲಿನ ನೆಲ ಕುಸಿದು ಅದನ್ನು ತುಂಬುತ್ತದೆ.

ರಸ್ತೆ ಮತ್ತು ಕಟ್ಟಡಗಳ ಮೇಲಿನ ಮಾಪನ ಬಿಂದುಗಳನ್ನು ಯಂತ್ರ ಹತ್ತಿರ ಬರುವ ಮೊದಲೇ ಅಳೆದಿಟ್ಟುಕೊಂಡು, ಅದು ದಾಟಿಹೋದ ಮೇಲೂ ಅಂಕಿಗಳು ಬದಲಾಗದೆ ನಿಲ್ಲುವವರೆಗೆ ಅಳೆಯುತ್ತಲೇ ಇರಬೇಕು.