ಗುಡ್ಡಳ್ಳಿ ಚಾರಣಕ್ಕೆ ಹೊರಡುವವರಿಗೆ

ಕಾರವಾರದ ಗುಡ್ಡಳ್ಳಿ ಬೆಟ್ಟದ ಕಡೆ ಗೈಡ್ ಜೊತೆ ಒಂದು ದಿನದ ಚಾರಣಕ್ಕೆ ಹೆಸರು ಕೊಡುವ ಮೊದಲು ಆಯೋಜಕರಿಗೆ ಮೂರು ಪ್ರಶ್ನೆ ಕೇಳಿ: ಅರಣ್ಯ ಇಲಾಖೆಯ ಅನುಮತಿ ಬೇಕಾದರೆ ಯಾರು ಮಾಡಿಸುತ್ತಾರೆ? ಗುಂಪಿನ ಕೊನೆಯಲ್ಲೂ ಒಬ್ಬ ಗೈಡ್ ಇರುತ್ತಾರಾ? ತುದಿ ಮುಟ್ಟದಿದ್ದರೂ ವಾಪಸ್ ತಿರುಗುವ ಸಮಯ ಯಾವುದು? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಗುಂಪು ಬೇಡ. ಕಾಡೊಳಗೆ ಸೂರ್ಯ ಮುಳುಗುವ ಮೊದಲೇ ಕತ್ತಲಾಗುತ್ತದೆ.

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಹಾಗಾಗಿ ತಲಾ 3 ಲೀಟರ್ ನೀರು ಇರಲಿ, ಅದರಲ್ಲಿ 1 ಲೀಟರ್ ಉಪ್ಪು ಬೆರೆಸಿದ ಮುರುಗಲು (ಕೋಕಂ) ಪಾನಕ. ಬಾಯಾರುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ.

ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಪಾಚಿ ಕಟ್ಟಿದ ಚಿರೆಕಲ್ಲಿನ ಮೇಲೆ ನುಣುಪು ತಳದ ಶೂ ನಿಲ್ಲುವುದಿಲ್ಲ, ಆಳ ಗೀರಿನ ತಳವೇ ಬೇಕು. ಇಳಿಯುವ ಮುಂಚೆ ಲೇಸ್ ಬಿಗಿ ಮಾಡಿ; ಇಲ್ಲವಾದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಮಂಡಿ ತುಸು ಬಗ್ಗಿಸಿ, ಸಣ್ಣ ಹೆಜ್ಜೆ ಇಡಿ.

ಮಳೆಗಾಲ ಮುಗಿದ ಹೊಸತರಲ್ಲಿ ಉಂಬಳ (ಜಿಗಣೆ) ಇದ್ದೇ ಇರುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಕಚ್ಚಿದರೆ ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ತಳ್ಳಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಗಾಬರಿ ಬೇಡ, ತೊಳೆದು ಶುದ್ಧ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ.

ಇದೇ ಜಿಲ್ಲೆಯ ಸಿದ್ದಾಪುರ ಕಡೆಯ ಕಾಡಿಗೆ ಜನವರಿಯಿಂದ ಮೇವರೆಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಅದು ರಕ್ತ ಹೀರುವ ಉಣ್ಣೆ ಹುಳದಿಂದ (ಉಣುಗು) ಮಂಗನ ಕಾಯಿಲೆ ಎಂಬ ಜ್ವರ ಹರಡುವ ಕಾಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮುಂದಿನ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.