ನೀವು ತೆಗೆದ ಕಾನ್ಸರ್ಟ್ ಫೋಟೋವನ್ನು ಯಾರಾದರೂ ಕೇಳದೆ ಬಳಸಿದ್ದರೆ ಏನು ಮಾಡಬೇಕು?

ಸಿಟ್ಟು ಬರುವುದು ಸಹಜ. ಆದರೆ ತಕ್ಷಣ ಮೆಸೇಜ್ ಹಾಕಬೇಡಿ, ಮೊದಲು ಸಾಕ್ಷಿ ಹಿಡಿದಿಟ್ಟುಕೊಳ್ಳಿ. ನೀವು ಕೇಳಿದ ಕೂಡಲೇ ಅವರು ಫೋಟೋ ತೆಗೆದುಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅಲ್ವಾ? ವಿಳಾಸ, ದಿನಾಂಕ ಕಾಣುವ ಹಾಗೆ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಅದೇ ಪುಟವನ್ನು, ವೆಬ್ ಪುಟಗಳ ಪ್ರತಿ ಉಳಿಸಿಡುವ ತಾಣವಾದ ವೇಬ್ಯಾಕ್ ಮಷೀನ್‌ನಲ್ಲೂ ಸೇವ್ ಮಾಡಿ. ಆಮೇಲೆ ಫೋಟೋ ಹಾಕಿದರೆ ಅದು ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐನಲ್ಲಿ ಹುಡುಕಿ. ಒಂದು ಕಡೆ ಸಿಕ್ಕಿದ್ದು ಇನ್ನೂ ಹಲವು ಕಡೆ ಇರಬಹುದು.

ಮೂಲ ರಾ ಫೈಲ್ (ಕ್ಯಾಮೆರಾ ಉಳಿಸಿದ, ತಿದ್ದದ ಫೈಲ್) ಜೋಪಾನ. ಫೋಟೋ ನಿಮ್ಮದೇ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಸಿಗುವುದು ಕಷ್ಟ.

ಜಾಸ್ತಿ ಜನ ಮರೆಯುವುದು ಫೋಟೋ ಪಾಸ್ (ಕಾನ್ಸರ್ಟ್ ಫೋಟೋ ತೆಗೆಯಲು ಕೊಡುವ ಅನುಮತಿ) ಜೊತೆ ಸಹಿ ಹಾಕಿದ ಕಾಗದವನ್ನು. ಕೆಲವು ಒಪ್ಪಂದಗಳಲ್ಲಿ ಬ್ಯಾಂಡ್‌ಗೆ ಫೋಟೋ ಬಳಸುವ ಹಕ್ಕು ಕೊಟ್ಟಿರುತ್ತೀರಿ, ಕೆಲವೊಮ್ಮೆ ಕಾಪಿರೈಟನ್ನೇ ಬರೆದುಕೊಟ್ಟಿರುತ್ತೀರಿ, ಹಾಗಾಗಿ ಜಗಳಕ್ಕೆ ಇಳಿಯುವ ಮೊದಲು ಅದನ್ನು ಪೂರ್ತಿ ಓದಿ. ಅಂಥದ್ದೇನೂ ಇಲ್ಲದೆ ಸ್ವಂತಕ್ಕೆ ತೆಗೆದದ್ದಾದರೆ ಸಾಮಾನ್ಯವಾಗಿ ಹಕ್ಕು ನಿಮ್ಮದೇ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್ ಸಿಗಲು ನೋಂದಣಿ ಬೇಕಿಲ್ಲ.

ಈಗ ಬರೆಯಿರಿ. ಬೈಗುಳ ಬೇಡ. ಯಾವ ಫೋಟೋ, ಎಲ್ಲಿದೆ, ನಿಮಗೇನು ಬೇಕು, ಯಾವ ದಿನದೊಳಗೆ, ಇಷ್ಟು ಸಾಕು. ಟಿಕೆಟ್ ಅಥವಾ ಟೀ ಶರ್ಟ್ ಮಾರಲು ಬಳಸಿದ್ದರೆ ಧೈರ್ಯವಾಗಿ ದುಡ್ಡು ಕೇಳಿ, ಸುಮ್ನೆ ಬಿಡಬೇಡಿ. "ಹೆಸರು ಹಾಕಿದ್ದೇವಲ್ಲ" ಅಂದರೆ ಅದು ಅನುಮತಿ ಆಗುವುದಿಲ್ಲ. ಉತ್ತರ ಬರದಿದ್ದರೆ ಆ ತಾಣದ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ಮೊತ್ತ ದೊಡ್ಡದಿದ್ದರೆ ವಕೀಲರನ್ನು ನೋಡಿ.